ಬೇವಿನ ನೆರಳು ಸರಿದ ಹೊತ್ತು

ಮಾರ್ಚ್ 30, 2003, ಭಾನುವಾರ

ಹೂವಿನಹಡಗಲಿಯ ಡಾಕ್ಟರು ಪ್ರತಿ ಸಲ ಕೇಳುತ್ತಾರೆ: "ಮಾಸ್ತರೇ, ಮನೆಯವರು ಏನು ತಿಂದ್ರು, ನಿದ್ದೆ ಹೆಂಗಿತ್ತು, ಬಾಯಿಂದ ಮಾತು ಏನಾದ್ರೂ ಬಂತಾ?" ನನಗೆ ನೆನಪಿರುವುದಿಲ್ಲ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇವತ್ತಿನಿಂದ ಇದರಲ್ಲಿ ಬರೆದಿಡುತ್ತೇನೆ.

ನಾಗಲಿಂಗಮ್ಮನನ್ನು ಕೊಟ್ಟೂರಿನ ಮನೆಗೆ ಕರೆತಂದಾಯಿತು. ಶಿವರಾತ್ರಿಯ ಮರುದಿನ ಲಕ್ವ ಹೊಡೆದದ್ದು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ನಿಂತಿದೆ. ಕಿವಿ ಕೇಳುತ್ತದೆ, ಹೇಳಿದ್ದು ತಿಳಿಯುತ್ತದೆ. ಇನ್ನೂ ತಲೆಗೂದಲು ನೆರೆಯದ ಹೆಂಗಸು.

ಬೆಳಿಗ್ಗೆ ಎರಡು ಇಡ್ಲಿ. ಮಧ್ಯಾಹ್ನ ಗಂಜಿ. ಮಾತಿಲ್ಲ.

ಕೈ ಎತ್ತುವ ವ್ಯಾಯಾಮ ಮಾಡಿಸಲು ಹೋದೆ. "ಒಂದು! ಎರಡು!" ಎಂದೆ. ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಡ್ರಿಲ್ ಮಾಸ್ತರಾಗಿದ್ದೇನೆ. ನನ್ನ ದನಿಗೆ ಕೈ ಎತ್ತದ ಹುಡುಗ ಊರಲ್ಲಿಲ್ಲ. ಹೆಂಡತಿಯ ಕೈ ಏಳಲಿಲ್ಲ.

ನಾಯಿ ಮಂಚದ ಕೆಳಗೆ ಸೇರಿಕೊಂಡಿದೆ. ಓಡಿಸಿದರೆ ಮತ್ತೆ ಬರುತ್ತದೆ.

ಏಪ್ರಿಲ್ 3, ಗುರುವಾರ

ಯುಗಾದಿ ಬಂದು ಹೋಯಿತು. ಹಬ್ಬ ಮಾಡಲಿಲ್ಲ. ಮಗಳು ಶೈಲಾ ಬೇವು ಬೆಲ್ಲ ಮಾತ್ರ ಕಲಸಿದಳು.

ಇವತ್ತು ಬಾಯಿಂದ ಮಾತು ಬಂತು. ನಾನೂ ಶೈಲಾನೂ ಇಬ್ಬರೂ ಎದುರಿಗಿದ್ದೆವು. ನಾಲಗೆ ಹೊರಳಿಸಲು ಬಹಳ ಹೊತ್ತು ಒದ್ದಾಡಿ "ಹಂಡ" ಎಂದಳು.

ನಾಯಿಯ ಹೆಸರು. ಕಪ್ಪು ಬಿಳಿ ಪಟ್ಟೆಯ ಮೈ ಎಂದು ಇವಳೇ ಇಟ್ಟದ್ದು. ಉಜ್ಜಿನಿ ಹತ್ತಿರದ ಕುರಿಗಾರ ದೊಡ್ಡಬೀರಪ್ಪ ನಮ್ಮ ಮನೆಗೆ ಕಂಬಳಿ ಕೊಡಲು ಬಂದಾಗ ಮರಿಯನ್ನು ಇವಳ ಮಡಿಲಿಗೆ ಹಾಕಿ ಹೋಗಿದ್ದ. ಹೊಸಿಲು ದಾಟಬಾರದು ಎಂದು ನಾನು ಆವತ್ತೇ ಹೇಳಿದ್ದೆ. ನಾನು ಶಾಲೆಗೆ ಹೋದಮೇಲೆ ಅದು ಅಡುಗೆಮನೆಯಲ್ಲೇ ಇರುತ್ತಿತ್ತಂತೆ. ಶೈಲಾ ಈಗ ಹೇಳುತ್ತಿದ್ದಾಳೆ.

"ಅಪ್ಪಾಜಿ, ಅವ್ವ ಮಾತಾಡಿದ್ಲು!" ಎಂದು ಶೈಲಾ ಕುಣಿದಳು. ನಾನೂ ಸಂತೋಷಪಟ್ಟೆ. ನನ್ನ ಹೆಸರು ಹೇಳುವ ರೂಢಿ ಇವಳಿಗಿಲ್ಲ, ಅದು ಸರಿ. ಮಗಳ ಹೆಸರಾದರೂ ಹೇಳಬಹುದಿತ್ತು.

ಏಪ್ರಿಲ್ 12, ಶನಿವಾರ

ಬಸ್ಸಿನ ಮೆಟ್ಟಿಲು ಹತ್ತಿಸುವುದು ಆಗುತ್ತಿಲ್ಲ. ಎಣ್ಣೆ ಮಿಲ್ಲಿನ ಗಾದಿಲಿಂಗಪ್ಪನವರ ಹಳೆಯ ಮಾರುತಿ ಕಾರನ್ನು ಕೊಂಡೆ. ಬಿಳಿಯ ಬಣ್ಣ. ಸೀಟಿಗೆ ಹೊಸ ಹೊದಿಕೆ ಹಾಕಿಸಿದ್ದೇನೆ. ಮಧ್ಯಾಹ್ನ ಬೀದಿಯಲ್ಲಿ ಒಂದು ಸುತ್ತು ಕರೆದುಕೊಂಡು ಹೋದೆ. ನಾಯಿ ಹಿಂದೆ ಓಡಿಬಂತು. ಇವಳು ಎಡಗೈಯಿಂದ ಗಾಜನ್ನು ಬಡಿದು ಬಡಿದು ಹತ್ತಿಸಿಕೊಳ್ಳುವವರೆಗೂ ಬಿಡಲಿಲ್ಲ.

ನಾಯಿ ಇವಳ ಸತ್ತ ಕಾಲಿನ ಮೇಲೆ ಗದ್ದ ಇಟ್ಟು ಮಲಗುತ್ತದೆ. ಇವಳು ಆ ಕಾಲನ್ನು ಅಲ್ಲಾಡಿಸಲು ನೋಡುತ್ತಾಳೆ. ನಾನು ಹೇಳಿದಾಗ ನೋಡುವುದಿಲ್ಲ.

ಏಪ್ರಿಲ್ 24, ಗುರುವಾರ

ನಾಯಿ ಸತ್ತುಹೋಯಿತು. ಹಡಗಲಿಯಲ್ಲಿ. ಕಾರಿನೊಳಗೆ.

ನಾಗಲಿಂಗಮ್ಮನಿಗೆ ಗೊತ್ತಿಲ್ಲ.

ಏಪ್ರಿಲ್ 26, ಶನಿವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ದಿನವಿಡೀ ಅದೇ ತಲೆಯಲ್ಲಿ ತಿರುಗುತ್ತದೆ.

ಗುರುವಾರ ಹೊರಡುವಾಗ ಹಂಡ ತಾನೇ ಜಿಗಿದು ಹಿಂದಿನ ಸೀಟಿನಲ್ಲಿ ಇವಳ ಪಕ್ಕ ಕೂತಿತು. ಶೈಲಾಗೆ ಕಂಪ್ಯೂಟರ್ ಕ್ಲಾಸು, ಅವಳು ಬರಲಿಲ್ಲ. ಇಳಿಸಲು ಹೋದರೆ ಇವಳು ಎಡಗೈಯಲ್ಲಿ ಅದರ ಕತ್ತು ತಬ್ಬಿಕೊಂಡು "ಹಂಡ, ಹಂಡ" ಎಂದಳು. ಹೋಗಲಿ ಎಂದು ಬಿಟ್ಟೆ.

ಆಸ್ಪತ್ರೆಯ ಮುಂದೆ ಬೇವಿನ ಮರ. ಅದರ ನೆರಳು ಕಾರಿನ ಮೇಲೆ ಪೂರ್ತಿ ಬಿದ್ದಿತ್ತು. ಒಳ್ಳೆಯ ಜಾಗ ಸಿಕ್ಕಿತು ಎಂದು ಖುಷಿಯೂ ಆಯಿತು. ನಾಯಿಯನ್ನು ಒಳಗೆ ಬಿಡುವುದಿಲ್ಲ. ಹೊರಗೆ ಕಟ್ಟಲು ಹಗ್ಗ ತಂದಿರಲಿಲ್ಲ. ಮುಂದಿನ ಎರಡೂ ಗಾಜುಗಳನ್ನು ಎರಡು ಬೆರಳಿನಷ್ಟು ಇಳಿಸಿದೆ. ಹೆಚ್ಚು ಇಳಿಸಿದರೆ ಹೇಗಾದರೂ ನುಸುಳಿ ರಸ್ತೆಗೆ ಹಾರುತ್ತದೆ. ಗಾಳಿಗೆ ಇಷ್ಟು ಸಾಕು, ನೆರಳಂತೂ ಇದೆ, ಈಗ ಬಂದುಬಿಡುತ್ತೇವೆ ಎಂದುಕೊಂಡೆ.

ಒಳಗೆ ಬಹಳ ಜನ ಇದ್ದರು. ಡಾಕ್ಟರು ನೋಡಿ, ವ್ಯಾಯಾಮದ ಕೋಣೆಗೆ ಕಳಿಸಿದರು. ಅಲ್ಲಿ ಕೆಲಸ ಮಾಡುವ ಹುಡುಗಿ, "ನೀವು ಹೊರಗಿರ್ರಿ ಸಾರ್, ನಿಮ್ಮನ್ನ ನೋಡಿದ್ರ ಅಮ್ಮಾರು ಕೈ ಬಿಗಿ ಹಿಡೀತಾರ" ಎಂದಳು.

ಆಗ ಹೊರಗೆ ಬಂದೆ. ಬಂದವನು ನೆಟ್ಟಗೆ ಕಾರಿನ ಹತ್ತಿರ ಹೋಗಬೇಕಿತ್ತು. ಔಷಧಿ ಅಂಗಡಿಯಿಂದ ಯಾರೋ "ಸಾರ್!" ಎಂದು ಕೂಗಿದರು. ರಾಮಾಂಜಿನಿ. ನನ್ನ ಹಳೆಯ ವಿದ್ಯಾರ್ಥಿ, ನಮ್ಮ ಖೋಖೋ ತಂಡದಲ್ಲಿದ್ದವನು. ಅಂಗಡಿ ಅವನದೇ ಅಂತೆ. "ಬರ್ರಿ ಸಾರ್, ಕುಂದರ್ರಿ. ನಿಮ್ಮ ಸೀಟಿ ಕೇಳಿದ್ರ ಇವತ್ತಿಗೂ ಎದ್ದು ನಿಲ್ತೀನಿ" ಎಂದ. ಒಳಗೆ ಕೂಲರ್ ತಿರುಗುತ್ತಿತ್ತು. ತಣ್ಣನೆಯ ಪಾನಕ ತರಿಸಿದ. ಜಿಲ್ಲಾ ಮಟ್ಟದಲ್ಲಿ ಗೆದ್ದ ಕಥೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಎರಡು ತಿಂಗಳಿಂದ ನನ್ನ ಬಗ್ಗೆ ಯಾರೂ ಒಳ್ಳೆಯ ಮಾತಾಡಿರಲಿಲ್ಲ. ಚೆನ್ನಾಗಿತ್ತು. ಒಂದು ಸಲ ಎದ್ದೆ. "ಕಾರಿನಾಗ ನಾಯಿ ಐತೆಪ್ಪಾ" ಎಂದೆ. "ನೆಳ್ಳಾಗ ನಿಲ್ಲಿಸೀರಲ್ಲ ಸಾರ್, ಏನಾಕೈತಿ? ಕುಂದರ್ರಿ" ಎಂದ. ಕೂತೆ.

ಕೂತೆ.

ಹೊರಗೆ ಬಂದಾಗ ನೆರಳು ಮರದ ಆ ಕಡೆ ಹೋಗಿತ್ತು. ಕಾರು ಸುಡುವ ಬಿಸಿಲಲ್ಲಿ ನಿಂತಿತ್ತು. ಪಕ್ಕದಲ್ಲಿ ಮಲ್ಲಿಗೆ ಮಾರುವ ಹೆಂಗಸೊಬ್ಬಳು ಗಾಜಿನ ಸಂದಿಯಿಂದ ಒಳಗೆ ನೀರು ಚೆಲ್ಲುತ್ತಿದ್ದಳು. ನನ್ನನ್ನು ನೋಡಿ, "ನಿಮ್ದೇನ್ರೀ ಯಪ್ಪಾ? ತಗೀರಿ, ಜಲ್ದಿ ತಗೀರಿ!" ಎಂದು ಕಿರುಚಿದಳು.

ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದಂತಾಯಿತು. ಗಾಜಿನ ತುಂಬ ಮೂಗು ಒರೆಸಿದ ಗುರುತು, ಜೊಲ್ಲು. ಸೀಟಿನ ಹೊದಿಕೆ ಚಿಂದಿಯಾಗಿತ್ತು. ಹಂಡ ಸೀಟಿನ ಕೆಳಗೆ, ಇವಳು ಕಾಲು ಇಡುವ ಜಾಗದಲ್ಲಿ, ತಲೆ ತುರುಕಿಕೊಂಡು ಮಲಗಿತ್ತು. ಎತ್ತಿಕೊಂಡೆ. ಕಾದ ಹೆಂಚು ಎತ್ತಿಕೊಂಡ ಹಾಗೆ ಮೈ. ನಾಲಗೆ ನೀಲಿ ತಿರುಗಿ ಹೊರಗೆ ಬಂದಿತ್ತು. ಆ ಹೆಂಗಸು ಹೂವಿನ ಬುಟ್ಟಿಗೆ ಮುಚ್ಚಿದ್ದ ಒದ್ದೆ ಗೋಣಿಯನ್ನು ಎಳೆದು ಹಾಸಿದಳು. ಅದರ ಮೇಲೆ ಮಲಗಿಸಿ, ಅವಳ ಕೊಡದ ನೀರನ್ನೆಲ್ಲ ಮೈಮೇಲೆ ಸುರಿದೆವು. ಬಾಯಿಗೆ ಹಾಕಿದ ನೀರು ಪಕ್ಕಕ್ಕೆ ಸೋರಿ ಹೋಯಿತು.

ಕಣ್ಣು ತೆರೆಯಿತು. ನನ್ನನ್ನು ನೋಡಿತು. ನೋಡಿ ಬಾಲ ಅಲ್ಲಾಡಿಸಿತು. ಒಂದೇ ಸಲ. ಅಷ್ಟೇ.

ಅವಳ ಹೆಸರು ಈರಕ್ಕ. ಅಲ್ಲೇ ನೆಲಕ್ಕೆ ಕೂತು ಅತ್ತಳು. "ಭಾಳ ಹೊತ್ತು ಒದರ್ತಿತ್ತು. ಯಾರ ಕಾರು ಅಂತ ಕೇಳಿದ್ವಿ, ಯಾರೂ ಹೇಳಲಿಲ್ಲ. ಗ್ಲಾಸ್ ಒಡೀಬೇಕಂತ ಕಲ್ಲು ತಗೊಂಡಿದ್ದೆ. ಕಾರಿನೋರು ಹೊಡೀತಾರೇನೋ ಅಂತ ಕೈ ಬರಲಿಲ್ಲ ನೋಡ್ರಿ. ಆಮ್ಯಾಲ ಒದರೋದು ನಿಂತ್ತು. ಮಲಗೇತಿ ಅಂದ್ಕೊಂಡೆ."

ಆ ಕಲ್ಲು ಇನ್ನೂ ಅವಳ ಬುಟ್ಟಿಯ ಪಕ್ಕದಲ್ಲೇ ಇತ್ತು.

ಅವಳ ಗಂಡ ಜೋಗಪ್ಪ ಬಂದ. "ನೀವು ಒಳಗ ಹೋಗ್ರಿ, ಅಮ್ಮಾರು ಕಾಯ್ತಿರ್ತಾರ. ಇದನ್ನ ನಾವು ನಮ್ಮ ಮಲ್ಲಿಗಿ ತ್ವಾಟದಾಗ ಮಣ್ಣು ಮಾಡ್ತೀವಿ" ಎಂದ. ಗೋಣಿಯಲ್ಲಿ ಸುತ್ತಿ ಸೈಕಲ್ಲಿಗೆ ಇಟ್ಟುಕೊಂಡು ಹೋದ. ನಾನು ಗಾಜು ಒರೆಸಿದೆ. ಹರಿದ ಹೊದಿಕೆಯ ಮೇಲೆ ಟವೆಲ್ ಹಾಸಿದೆ.

ಗಾಲಿ ಕುರ್ಚಿಯಲ್ಲಿ ಬರುವಾಗಲೇ ಇವಳ ಕಣ್ಣು ಕಾರನ್ನು ಹುಡುಕುತ್ತಿತ್ತು. "ಹಂಡ?" ಎಂದಳು.

"ದೊಡ್ಡಬೀರಪ್ಪ ಸಿಕ್ಕಿದ್ದ. ಹಿಂಡು ಈ ಕಡೆ ಹೊಳಿ ದಂಡಿಗೆ ಬಂದೈತಂತ. ಅವನ ನಾಯಿನ ತ್ವಾಳ ಹಿಡದೈತಂತ. ನಾಕು ದಿನ ಹಂಡನ್ನ ಕೊಡ್ರಿ ಅಂದ. ಕಳಿಸಿದೆ" ಎಂದೆ.

ಬಾಯಿಗೆ ಬಂದದ್ದು ಅದು. ನಂಬಿದಳು. ಕೊಟ್ಟೂರು ಬರುವವರೆಗೂ ಎಡಗೈಯನ್ನು ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟುಕೊಂಡಿದ್ದಳು.

ಏಪ್ರಿಲ್ 27, ಭಾನುವಾರ

ಶೈಲಾ ಕಾರಿನಿಂದ ಔಷಧಿ ಚೀಲ ತರಲು ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಹೋದೆ. ಟವೆಲ್ ಎತ್ತಿ ಹಿಡಿದುಕೊಂಡು ನಿಂತಿದ್ದಳು.

"ಅಪ್ಪಾಜಿ, ಹಂಡ ಎಲ್ಲಿ?"

ಹೇಳಿದೆ. ಮುಖ ಮುಚ್ಚಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

"ಅವ್ವಗ ಯಾವಾಗ ಹೇಳ್ತೀರಿ?"

"ಈಗ ಬ್ಯಾಡ. ಡಾಕ್ಟರು ಹೇಳ್ಯಾರ, ಬಿಪಿ ಏರಬಾರದು ಅಂತ."

"ಅವ್ವನ ಬಿಪಿಗೆ ಹೆದರಿ ಹೇಳಲಿಲ್ಲೇನು, ನಿಮ್ಮ ಮಾರಿ ಉಳಿಸ್ಕಳಾಕ ಹೇಳಲಿಲ್ಲೇನು?"

ಹದಿನೇಳರ ಹುಡುಗಿ. ನಾನು ಕೈ ಎತ್ತಬಹುದಿತ್ತು, ಎತ್ತಲಿಲ್ಲ. ಸಂಜೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವ್ವನಿಗೂ ಏನೂ ಹೇಳಿಲ್ಲ.

ಮೇ 4, ಭಾನುವಾರ

ದಿನಾ ಕೇಳುತ್ತಾಳೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೆ, "ಹಂಡ?"

ಮೊದಲು "ಅರಾಮ್ ಐತಿ" ಎಂದು ಹೇಳಿ ಎದ್ದು ಹೋಗುತ್ತಿದ್ದೆ. ಇವತ್ತು ನನ್ನ ತೋಳು ಹಿಡಿದು ಕೂರಿಸಿದಳು. ಇನ್ನೂ ಬೇಕು ಎನ್ನುವ ಹಾಗೆ ನೋಡಿದಳು. ಏನು ಹೇಳಲಿ? ದೊಡ್ಡಬೀರಪ್ಪನ ಹಟ್ಟಿಯಲ್ಲಿ ಬೆಳಿಗ್ಗೆ ಜೋಳದ ರೊಟ್ಟಿಯನ್ನು ಕುರಿ ಹಾಲಲ್ಲಿ ನೆನೆಸಿ ಹಾಕುತ್ತಾರೆ ಎಂದೆ. ಮೊದಲ ದಿನ ಮೂಸಿ ಬಿಟ್ಟಿತಂತೆ, ನಿನ್ನ ಕೈಯ ಅನ್ನ ಉಂಡು ಕೆಟ್ಟೈತಿ ಅಂತ ದೊಡ್ಡಬೀರಪ್ಪ ಬೈದನಂತೆ ಎಂದೆ.

ನಕ್ಕಳು. ಬಾಯಿ ಒಂದು ಕಡೆಗೆ ಮಾತ್ರ ಹೋಗುತ್ತದೆ, ಆದರೂ ನಕ್ಕಳು. ಆಮೇಲೆ "ಈಗ... ಉಣ್ತಾನ?" ಎಂದಳು.

ಎರಡು ಮಾತು ಕೂಡಿಸಿ ಹೇಳಿದ್ದು ಇದೇ ಮೊದಲು.

"ಉಣ್ತಾನ" ಎಂದೆ.

ಮೇ 8, ಗುರುವಾರ

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹೋಗಿ ಕಾರಿನಲ್ಲಿ ಕೂತೆ. ಗಾಜನ್ನು ಅಷ್ಟೇ ಇಳಿಸಿದೆ, ಎರಡು ಬೆರಳು. ಮೊದಲು ಬೆವರು. ಆಮೇಲೆ ಬಾಯಿ ಒಣಗಿತು. ಎದೆಯಲ್ಲಿ ಡೊಳ್ಳು ಬಡಿದ ಹಾಗಾಯಿತು. ಮೂಗನ್ನು ಗಾಜಿನ ಸಂದಿಗೆ ಇಟ್ಟೆ. ಅಲ್ಲಿಂದಲೂ ಬಿಸಿಗಾಳಿಯೇ ಬರುತ್ತಿತ್ತು.

ತಡೆಯಲಾರದೆ ಇಳಿದೆ. ನನಗೆ ಬಾಗಿಲು ತೆಗೆಯಲು ಬರುತ್ತದೆ.

ಮೇ 13, ಮಂಗಳವಾರ

ಶಾಲೆಗೆ ಬೇಸಿಗೆ ರಜೆ. ಇಡೀ ದಿನ ನಾಗುವಿನ ಹತ್ತಿರವೇ ಇರುತ್ತೇನೆ. ತಲೆ ಬಾಚುವುದನ್ನು ಶೈಲಾ ಮಾಡುತ್ತಿದ್ದಳು, ಈಗ ನಾನು ಮಾಡುತ್ತೇನೆ. ಬಾಚುತ್ತ ಹಂಡನ ಸುದ್ದಿ ಹೇಳುತ್ತೇನೆ. ನಿನ್ನೆ ಒಂದು ಕುರಿಮರಿ ಹಿಂಡು ತಪ್ಪಿಸಿಕೊಂಡಿತ್ತು, ಹಂಡ ಕತ್ತಲಾಗುವ ಮೊದಲು ಹುಡುಕಿ ತಂದ ಎಂದೆ. ಹೊಳೆಯ ನೀರಿಗೆ ಮೊದಮೊದಲು ಹೆದರುತ್ತಿದ್ದ, ಈಗ ಹೊರಳಾಡುತ್ತಾನೆ ಎಂದೆ. ಅವನು ನೀರಲ್ಲಿ ಹೊರಳುವುದನ್ನು ಹೇಳುವಾಗ ನನಗೇ ಕಣ್ಣೆದುರು ಕಂಡಿತು. ಮೈ ಕೊಡವಿಕೊಂಡು ಬಂದು ನೆರಳಲ್ಲಿ ಮಲಗುತ್ತಾನೆ.

ಮದುವೆಯಾದಾಗಿನಿಂದ ಇವಳ ಜೊತೆ ಇಷ್ಟು ಮಾತಾಡಿದ್ದಿಲ್ಲ. ಊಟಕ್ಕೆ ಹಾಕು, ಬಾಗಿಲು ಹಾಕು, ಇಷ್ಟರಲ್ಲೇ ಸಂಸಾರ ನಡೆದಿತ್ತು.

"ಕಾಲು?" ಎಂದಳು ಇವತ್ತು. ಎಡಗೈಯಿಂದ ಮುಳ್ಳು ಕೀಳುವ ಹಾಗೆ ಮಾಡಿ ತೋರಿಸಿದಳು. ಹಂಡನ ಹಿಂಗಾಲಿಗೆ ಮುಳ್ಳು ಚುಚ್ಚಿ ಗಾಯವಾಗಿತ್ತಂತೆ, ಅದನ್ನು ಕೇಳುತ್ತಿದ್ದಾಳೆ. ನನಗೆ ಗೊತ್ತೇ ಇರಲಿಲ್ಲ. "ವಾಸಿ ಆಗೇತಿ" ಎಂದೆ. ಬಲಗೈಯ ಹೆಬ್ಬೆರಳು ಅಲ್ಲಾಡಿತು. ಇಬ್ಬರೂ ನೋಡಿದೆವು. ಶೈಲಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಒಳಗೆ ಹೋಗಿಬಿಟ್ಟಳು. ಅಡುಗೆಮನೆಯಿಂದ ಅಳುವ ಸದ್ದು ಬಂತು. ನಾಗುವಿಗೆ ಕೇಳದಿರಲಿ ಎಂದು ನಾನು ದನಿ ಏರಿಸಿ ಮಾತಾಡಿದೆ.

ಮೇ 22, ಗುರುವಾರ

ಹಡಗಲಿಗೆ ಹೋಗಿಬಂದೆವು. ಕಾರು ಕೆಟ್ಟಿದೆ ಎಂದು ಹೇಳಿ ಬಾಡಿಗೆ ಜೀಪು ಮಾಡಿಸಿದ್ದೆ.

ಡಾಕ್ಟರಿಗೆ ಬಹಳ ಖುಷಿ. ಹಿಡಿಸಿಕೊಂಡು ನಿಲ್ಲುತ್ತಾಳೆ, ನಾಲ್ಕಾರು ಹೆಜ್ಜೆ ಇಡುತ್ತಾಳೆ. "ಏನು ಮಾಡಿದ್ರಿ ಮಾಸ್ತರೇ?" ಎಂದರು. "ಮಾತಾಡ್ತೀನಿ" ಎಂದೆ. "ಬಿಡಬ್ಯಾಡ್ರಿ, ಮಾತಾಡ್ತಾನೇ ಇರ್ರಿ" ಎಂದರು.

ಅಷ್ಟರಲ್ಲಿ ಇವಳು ಡಾಕ್ಟರ ಕಡೆ ತಿರುಗಿ, ಒಂದೊಂದೇ ಮಾತನ್ನು ಎತ್ತಿ ಇಟ್ಟ ಹಾಗೆ, "ನಡೀಬೇಕು... ಹಂಡ... ನೋಡಾಕ" ಎಂದಳು. ಡಾಕ್ಟರು ಹಂಡ ಎಂದರೆ ಮಗ ಅಂದುಕೊಂಡರೇನೋ. "ನಡೀತೀರಿ ಅಮ್ಮಾ, ಖಂಡಿತ ನೋಡ್ತೀರಿ" ಎಂದರು.

ಹೊರಗೆ ಬೇವಿನ ಮರದ ಕೆಳಗೆ ಈರಕ್ಕ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. ಬೇಡ ಎಂದು ಕಣ್ಣಲ್ಲೇ ಹೇಳಿದೆ. ಅರ್ಥ ಮಾಡಿಕೊಂಡಳು. ಬಂದು ಒಂದು ಮೊಳ ಮಲ್ಲಿಗೆಯನ್ನು ನಾಗುವಿನ ತಲೆಗೆ ಮುಡಿಸಿ, ಕೆನ್ನೆ ಸವರಿ, ಹೋಗಿ ಕೂತಳು. "ಯಾರು?" ಎಂದಳು ನಾಗು. "ಹೂವಿನಾಕಿ" ಎಂದೆ.

ದಾರಿಯುದ್ದಕ್ಕೂ ಜೀಪಿನಲ್ಲಿ ಮಲ್ಲಿಗೆ ವಾಸನೆ.

ಜೂನ್ 1, ಭಾನುವಾರ

ಮಂಚದಿಂದ ಬಾಗಿಲವರೆಗೆ ಗೋಡೆ ಹಿಡಿದು ನಡೆದಳು. ಬಿದ್ದಳು. ಎದ್ದಳು. ನಾನು ಎಣಿಸಲಿಲ್ಲ, ಸೀಟಿ ಊದಲಿಲ್ಲ, ಪಕ್ಕದಲ್ಲಿ ನಡೆದೆ ಅಷ್ಟೇ. ಬಾಗಿಲು ಮುಟ್ಟಿ, ಹೊಳೆಯ ಕಡೆ ಕೈ ತೋರಿಸಿ, "ಹೋಗೋಣ" ಎಂದಳು.

ಅವಳ ಒಂದೊಂದು ಹೆಜ್ಜೆಯೂ ನನ್ನ ಎದೆಗೆ ಬಂದು ಬೀಳುತ್ತದೆ.

ಜೂನ್ 8, ಭಾನುವಾರ

ಮೊನ್ನೆ ಮಳೆ ಬಿತ್ತು. ದೊಡ್ಡಬೀರಪ್ಪನ ಹಿಂಡು ಉಜ್ಜಿನಿಗೆ ಬಂದಿದೆ ಎಂದು ಹಾಲಿನವನು ನಾಗುವಿನ ಎದುರಿಗೇ ಹೇಳಿದ. ಅವಳು ನನ್ನ ಮುಖ ನೋಡಿದಳು. "ನಾಳಿ" ಎಂದಳು. ಹಳೆಯ ಸೀರೆ ಬೇಡವೆಂದು ಶೈಲಾನ ಕೈಲಿ ಇಳಕಲ್ ಸೀರೆ ತೆಗೆಸಿ ಇಡಿಸಿದಳು.

ಮಧ್ಯಾಹ್ನ ನಾನೊಬ್ಬನೇ ಬಸ್ಸಿಗೆ ಹೋದೆ. ದೊಡ್ಡಬೀರಪ್ಪ ಹಟ್ಟಿಯಲ್ಲಿ ಕುರಿಗೆ ಸೊಪ್ಪು ಹಾಕುತ್ತಿದ್ದ. "ಬರ್ರಿ ಮೇಷ್ಟ್ರ. ಅಕ್ಕ ಹೆಂಗದಾಳ? ಹಂಡ ಹೆಂಗದಾನ?" ಎಂದ.

ಎಲ್ಲ ಹೇಳಿದೆ. ಅವನು ಸೊಪ್ಪಿನ ಹೊರೆಯನ್ನು ಕೆಳಗಿಟ್ಟು ನೆಲ ನೋಡುತ್ತ ನಿಂತ.

"ಬೀರಪ್ಪ, ಅಂಥದೇ ಮೈಬಣ್ಣದ ನಾಯಿ ಐತೇನು?" ಎಂದೆ.

"ಐತ್ರಿ. ಅದರ ಒಡಹುಟ್ಟಿದ್ದು." ಹಟ್ಟಿಯ ಮೂಲೆ ತೋರಿಸಿದ. ಅದೇ ಪಟ್ಟೆ, ಅದೇ ಕಿವಿ. ನಾನು ಹತ್ತಿರ ಹೋದರೆ ಗುರ್ ಎಂದಿತು.

"ಇದ ಹಂಡ ಅಂತ ಹೇಳಿದ್ರ ಆಕಿ..."

"ಮೇಷ್ಟ್ರ," ಎಂದ ದೊಡ್ಡಬೀರಪ್ಪ, "ನಾಯಿ ಬೇಕಂದ್ರ ಕೊಡ್ತೀನಿ, ಹಿಡಕಂಡು ಹೋಗ್ರಿ. ಆದ್ರ ಸುಳ್ಳು ನನ್ನ ಬಾಯಾಗ ಇಡಬ್ಯಾಡ್ರಿ. ಅಕ್ಕ ಕೇಳಿದ್ಲಂದ್ರ ನನ್ನಿಂದ ಆಗಂಗಿಲ್ಲ. ಕೂಸಿನಂಗ ಸಾಕಿದಾಕಿ ಆಕಿ. ಅಳಲಿ ಬಿಡ್ರಿ. ಸತ್ತದ್ದಕ್ಕ ಅಳಬೇಕಲ್ಲ?"

ಬೈದಿದ್ದರೆ ಚೆನ್ನಾಗಿತ್ತು. ಮಜ್ಜಿಗೆ ಕೊಟ್ಟ. ಕುಡಿಯಲಾಗಲಿಲ್ಲ. ಬಸ್ಸು ಬರುವವರೆಗೆ ಪಕ್ಕದಲ್ಲಿ ನಿಂತಿದ್ದ.

ಜೂನ್ 9, ಸೋಮವಾರ

ಹೇಳಿದೆ.

ಇಳಕಲ್ ಸೀರೆ ಉಟ್ಟು, ತಲೆ ಬಾಚಿಸಿಕೊಂಡು ಕೂತಿದ್ದಳು. ನಾನು ನೆಲದ ಮೇಲೆ ಅವಳ ಕಾಲ ಹತ್ತಿರ ಕೂತೆ. "ನಾಗು, ಹಂಡ ಇಲ್ಲ. ದೊಡ್ಡಬೀರಪ್ಪನ ಹತ್ರ ಎಂದೂ ಹೋಗಿಲ್ಲ. ಆವತ್ತೇ ಹಡಗಲಿಯಾಗ, ಕಾರಿನಾಗ, ಬಿಸಿಲಿಗೆ ಸತ್ತ. ನಾ ಬಿಟ್ಟು ಹೋಗಿದ್ದೆ" ಎಂದೆ.

ಮೊದಲು ಅವಳಿಗೆ ತಿಳಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಮುಂದಿನ ಮಾತಿನಲ್ಲಿ ಅದು ಸರಿಹೋಗುತ್ತದೆ ಎನ್ನುವ ಹಾಗೆ. ಆಮೇಲೆ ಶೈಲಾನ ಮುಖ ನೋಡಿದಳು. ಶೈಲಾ ಅಳುತ್ತಿದ್ದಳು.

"ನೀರು," ಎಂದಳು. ನಾಲಗೆ ತಡವರಿಸಿತು. "ನೀರು... ಇಟ್ಟಿದ್ರಾ?"

"ಇಲ್ಲ."

ಎಡಗೈಯಿಂದ ನನ್ನ ಎದೆಗೆ ಹೊಡೆದಳು. ಮತ್ತೆ ಹೊಡೆದಳು. ಬಲವಿಲ್ಲದ ಹೊಡೆತ. ಶೈಲಾ ಹಿಡಿಯಲು ಬಂದಳು, ಬೇಡ ಎಂದೆ. ಬಾಯಿಂದ ಬಂದ ದನಿ ಮಾತಲ್ಲ. ಓಣಿಯವರೆಲ್ಲ ಬಂದು ನಿಂತರು. ಸಾಕಾಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಸೀರೆ ಬದಲಿಸಲು ಬಿಡಲಿಲ್ಲ.

ಜೂನ್ 10, ಮಂಗಳವಾರ

ಊಟ ಬೇಡವೆಂದಳು. ಮಾತಿಲ್ಲ.

ಜೂನ್ 12, ಗುರುವಾರ

ಶೈಲಾ ಎರಡು ತುತ್ತು ಉಣ್ಣಿಸಿದಳು. ನಾನು ಕೋಣೆಗೆ ಹೋದರೆ ಕಣ್ಣು ಮುಚ್ಚುತ್ತಾಳೆ. ನಡೆಯಲು ಎಬ್ಬಿಸಿದರೆ ಏಳುವುದಿಲ್ಲ. ಹೆಬ್ಬೆರಳು ಅಲ್ಲಾಡುವುದಿಲ್ಲ. ಎಲ್ಲ ಮೊದಲಿನ ಹಾಗೆ.

ಜೂನ್ 17, ಮಂಗಳವಾರ

ಶಾಲೆ ಶುರುವಾಗಿದೆ. ಮಳೆ ಹಿಂದಕ್ಕೆ ಹೋಗಿ ಮತ್ತೆ ಬಿಸಿಲು. ಹುಡುಗರನ್ನು ಮೈದಾನದಿಂದ ಎಬ್ಬಿಸಿ ಹುಣಸೆ ಮರದ ಕೆಳಗೆ ಕೂರಿಸಿದೆ. ನೆರಳು ಸರಿದ ಹಾಗೆ ಅವರನ್ನೂ ಸರಿಸುತ್ತಿದ್ದೆ. ಹೆಡ್ಮಾಸ್ಟರ್ ವೀರಭದ್ರಯ್ಯನವರು ಬಂದು, "ಏನ್ರಿ ಗುರುಶಾಂತ, ಡ್ರಿಲ್ ಇಲ್ಲೇನು? ಹುಡುಗ್ರು ನಗ್ತಾ ಕುಂತಾರ?" ಎಂದರು. ಮುಂದಿನ ವಾರ ಮಾಡಿಸುತ್ತೇನೆ ಎಂದೆ.

ಸಂಜೆ ಶೈಲಾ ಚಹ ತಂದುಕೊಟ್ಟಳು. ತಾನೂ ಪಕ್ಕದಲ್ಲಿ ಕೂತಳು. "ನಾನೂ ಸುಳ್ಳಿಗೆ ಕೂಡಿದ್ದೆ ಅಪ್ಪಾಜಿ. ಅವ್ವ ನನ್ನ ಮ್ಯಾಲೂ ಸಿಟ್ಟಾಗ್ಯಾಳ" ಎಂದಳು. ಎಷ್ಟೋ ದಿನದ ಮೇಲೆ ಅಪ್ಪಾಜಿ ಎಂದಳು. ಅವ್ವನಿಗೆ ನಿನ್ನ ಮೇಲೆ ಸಿಟ್ಟಿಲ್ಲ ಮಗಾ ಎಂದೆ.

ಜೂನ್ 25, ಬುಧವಾರ

ಬೆಳಿಗ್ಗೆ ತಲೆ ಬಾಚಲು ಹೋದೆ. ಬೇಡ ಎನ್ನಲಿಲ್ಲ. ಏನೂ ಹೇಳದೆ ಬಾಚುತ್ತಿದ್ದೆ. ಹೇಳಲು ನನ್ನ ಹತ್ತಿರ ಸುದ್ದಿ ಇರಲಿಲ್ಲ. ಅವಳೇ ಬಾಯಿಬಿಟ್ಟಳು.

"ಎಲ್ಲಿ?"

"ಹಡಗಲಿಯಾಗ. ಹೂವಿನಾಕಿ ಈರಕ್ಕ ಅಂತ. ಅವರ ತ್ವಾಟದಾಗ ಮಣ್ಣು ಮಾಡ್ಯಾರ."

"ಕರ್ಕೊಂಡು ಹೋಗ್ರಿ" ಎಂದಳು. "ಕಾರು... ಬ್ಯಾಡ."

ಜೂನ್ 29, ಭಾನುವಾರ

ಬಸ್ಸಿಗೆ ಹೋದೆವು. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದೆವು. ಶೈಲಾ ಬರುತ್ತೇನೆಂದಳು. ನಾಗು ಬೇಡವೆಂದು ತಲೆ ಅಲ್ಲಾಡಿಸಿದಳು. ನಾನೊಬ್ಬನೇ ಸಾಕು ಎಂದಲ್ಲ, ಮಗಳು ನೋಡುವುದು ಬೇಡ ಎಂದಿರಬೇಕು.

ಹತ್ತುವಾಗ ನನ್ನ ಕೈ ಹಿಡಿಯಲಿಲ್ಲ. ಕಂಬಿ ಹಿಡಿದಳು, ಕೆಳಗಿನಿಂದ ಒಬ್ಬ ಅಜ್ಜಿ ನೂಕಿ ಹತ್ತಿಸಿದಳು.

ಈರಕ್ಕ ಮರದ ಕೆಳಗಿಂದ ಬುಟ್ಟಿ ಹೊತ್ತುಕೊಂಡೇ ನಮ್ಮ ಜೊತೆ ಬಂದಳು. ಆಟೋದಿಂದ ಇಳಿದಮೇಲೆ ತೋಟದ ಬದುವಿನ ಮೇಲೆ ಕೋಲು ಊರಿಕೊಂಡು ನಾಗು ನಡೆದಳು. ಬಲಗಾಲು ಎಳೆಯುತ್ತಿತ್ತು. ಮಲ್ಲಿಗೆ ಗಿಡಗಳ ನಡುವೆ ಒಂದು ಕಡೆ ಮಣ್ಣು ಸ್ವಲ್ಪ ಕುಸಿದಿತ್ತು. ಮೇಲೊಂದು ಚಪ್ಪಡಿ ಕಲ್ಲು. "ನರಿ ಕೆದರಬಾರದು ಅಂತ ಇಟ್ಟೀವಿ" ಎಂದಳು ಈರಕ್ಕ.

ನಾಗು ಕೂತಳು. ಕಲ್ಲಿನ ಮೇಲೆ ಎಡಗೈ ಇಟ್ಟಳು. ಬಲಗೈಯನ್ನೂ ಎಡಗೈಯಿಂದ ಎತ್ತಿ ಇಟ್ಟಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ನನ್ನ ಕಡೆ ತಿರುಗಿ, "ಹೇಳ್ರಿ" ಎಂದಳು.

"ಏನು?"

"ಆವತ್ತು. ಎಲ್ಲ."

ಹೇಳಿದೆ. ನೆರಳು ಪೂರ್ತಿ ಬಿದ್ದದ್ದು, ಗಾಜು ಇಳಿಸಿದ್ದು, ರಾಮಾಂಜಿನಿಯ ಅಂಗಡಿಯ ಕೂಲರ್, ಒಂದು ಸಲ ಎದ್ದು ಮತ್ತೆ ಕೂತದ್ದು, ಪಾನಕ ಕುಡಿದದ್ದು. ಹಂಡ ಒದರುತ್ತಿದ್ದಾಗ ನಾನು ನಗುತ್ತಿದ್ದೆ ಎಂದೆ. ಮೈ ಸುಡುತ್ತಿದ್ದದ್ದು, ಸೀಟಿನ ಕೆಳಗೆ ತಲೆ ಇಟ್ಟಿದ್ದದ್ದು ಹೇಳಿದೆ. ಬಾಲದ ವಿಷಯ ಬಿಟ್ಟುಬಿಡೋಣ ಎನಿಸಿತು. ಅದನ್ನೂ ಹೇಳಿದೆ. ಯಾರೋ ಗಂಡಸು ಬಿಕ್ಕಿ ಬಿಕ್ಕಿ ಅಳುವುದು ಕೇಳಿತು. ಈರಕ್ಕ ಬಂದು ಬೆನ್ನು ಸವರಿದಾಗ ಅದು ನಾನೇ ಎಂದು ತಿಳಿಯಿತು.

ನಾಗು ನನ್ನನ್ನು ಸಮಾಧಾನ ಮಾಡಲಿಲ್ಲ. ಬೈಯಲೂ ಇಲ್ಲ. ಕಲ್ಲಿನ ಮೇಲಿನ ತರಗೆಲೆಯನ್ನು ಒಂದೊಂದಾಗಿ ತೆಗೆದಳು. ಬಿಸಿಲು ಏರುವವರೆಗೂ ಕೂತಿದ್ದಳು. ಆಮೇಲೆ ಕೋಲು ಕೇಳಿದಳು.

ಬರುವಾಗ ಅವಳು ಕಿಟಕಿಯ ಹತ್ತಿರ ಕೂತಳು. ಪಕ್ಕದ ಸೀಟಿನಲ್ಲಿ ಕೋಲು ಅಡ್ಡ ಇಟ್ಟಿದ್ದಳು. ನಾನು ಹಿಂದಿನ ಸೀಟಿನಲ್ಲಿ ಕೂತೆ.

ಕೊಟ್ಟೂರು ಬಂತು. ಇಳಿಯುವ ಮೆಟ್ಟಿಲು ಬಹಳ ಎತ್ತರ. ನಾನು ಹಿಂದಿನಿಂದ ಬಂದು ಕೈ ಚಾಚಿದೆ. ಅವಳು ಕಂಡಕ್ಟರನ ಕೈ ಹಿಡಿದು ಇಳಿದಳು. ಹಿಂದಿನವರು "ಇಳೀರಿ, ಇಳೀರಿ" ಎನ್ನುತ್ತಿದ್ದರೂ ನಾನು ಚಾಚಿದ ಕೈ ಹಾಗೇ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ.

ಅವಳು ಇಳಿದವಳು ಮುಂದೆ ಹೋಗಲಿಲ್ಲ. ಕೋಲು ಊರಿಕೊಂಡು, ನನ್ನ ಕಡೆ ನೋಡದೆ, ನಾನು ಇಳಿಯುವವರೆಗೆ ನಿಂತಿದ್ದಳು.